ಬಿಸಿ ತಟ್ಟೆಯೋ, ಫ್ಲಾಸ್ಕೋ? ಎರಡು ಡ್ರಿಪ್ ಯಂತ್ರಗಳ ಕಾಫಿ

ಮೊದಲೇ ಹೇಳಿಬಿಡುತ್ತೇನೆ, ನಾನು ಫ್ಲಾಸ್ಕಿನ ಪಕ್ಷ. ಗಾಜಿನ ಜಾಡಿಯ ಕೆಳಗೆ ಬಿಸಿ ತಟ್ಟೆ ಇರುವ ಡ್ರಿಪ್ ಯಂತ್ರವನ್ನು (ಪುಡಿಯ ಮೇಲೆ ಬಿಸಿನೀರು ತೊಟ್ಟಿಕ್ಕಿಸಿ ಕಾಫಿ ಇಳಿಸುವ ಯಂತ್ರ) ಎರಡು ವರ್ಷ ಬಳಸಿ, ಸೋತು, ನೇರವಾಗಿ ಉಕ್ಕಿನ ಫ್ಲಾಸ್ಕಿಗೆ ಕಾಫಿ ಇಳಿಸುವ ಯಂತ್ರ ತಂದವನು. ಈ ಹೋಲಿಕೆಯಲ್ಲಿ ತಕ್ಕಡಿ ಒಂದು ಕಡೆ ವಾಲಿಯೇ ಇರುತ್ತದೆ.

ಗಾಜಿನ ಯಂತ್ರದ ಮೊದಲ ಕಪ್ಪಿನ ಬಗ್ಗೆ ತಕರಾರಿಲ್ಲ. ಜಗಳವೆಲ್ಲ ಎರಡನೆಯದರ ಜೊತೆ. ಆರು ಗಂಟೆಗೆ ಒಂದು ಕಪ್ ಕುಡಿದು ಕೆಲಸಕ್ಕೆ ಕುಳಿತರೆ ನಾನು ಮತ್ತೆ ಏಳುವುದು ಏಳೂವರೆಗೆ. ಆರಕ್ಕೆ ಘಮಘಮಿಸುತ್ತಿದ್ದ ಕಾಫಿ ಅಷ್ಟರಲ್ಲಿ ಕಹಿಯೊಗರಾಗಿ ನಾಲಿಗೆಯ ಹಿಂಬದಿಗೆ ಅಂಟಿಕೊಳ್ಳುತ್ತಿತ್ತು. ಬಹಳ ದಿನ ಪುಡಿಯನ್ನೇ ಬೈದೆ. ಪುಡಿ ಬದಲಿಸಿದೆ, ಅಳತೆ ಬದಲಿಸಿದೆ, ಸಿಟ್ರಿಕ್ ಆಮ್ಲದ ನೀರು ಹಾಯಿಸಿ ಯಂತ್ರದೊಳಗಿನ ಸುಣ್ಣದ ಪದರ ತೆಗೆದೆ. ಕೊನೆಗೊಂದು ದಿನ, ಇಳಿದ ಕೂಡಲೇ ಅರ್ಧ ಕಾಫಿಯನ್ನು ಬೇರೊಂದು ಫ್ಲಾಸ್ಕಿಗೆ ಸುರಿದಿಟ್ಟೆ. ಏಳೂವರೆಗೆ ಎರಡನ್ನೂ ಅಕ್ಕಪಕ್ಕ ಇಟ್ಟು ಗುಟುಕರಿಸಿದಾಗ ಕಳ್ಳ ಸಿಕ್ಕಿಬಿದ್ದ: ಬಿಸಿ ತಟ್ಟೆ. ಬಿಸಿಯಲ್ಲಿ ಕಾಫಿಯ ಕ್ಲೋರೊಜೆನಿಕ್ ಆಮ್ಲಗಳು ಒಡೆದು ಕಹಿಯೊಗರಿನ ಕ್ವಿನಿಕ್ ಆಮ್ಲ ಹೆಚ್ಚುತ್ತಾ ಹೋಗುತ್ತದೆ, ಪರಿಮಳವೂ ಹಾರಿಹೋಗುತ್ತದೆ. ಫ್ಲಾಸ್ಕಿನಲ್ಲೂ ಕಾಫಿ ಹಳತಾಗುತ್ತದೆ, ನಿಜ. ಆದರೆ ಅಲ್ಲಿ ಕೆಳಗಿನಿಂದ ಕಾವು ಕೊಡುವವರಿಲ್ಲ, ಮುಚ್ಚಳವೂ ಬಿಗಿ.

ಕಾಫಿ ಇಳಿದ ಮೇಲೆ ತಟ್ಟೆಯನ್ನು ಆಫ್ ಮಾಡಿದರಾಯಿತಲ್ಲ ಎನ್ನುತ್ತೀರಾ? ಆರಿಸಿ ನೋಡಿದೆ, ಕಾಫಿ ಬೇಗನೆ ತಣಿದು ಕೂತಿತು. ಇನ್ನು ಕಾಫಿ ಇಳಿಯುವಾಗ ತಟ್ಟೆಯೊಂದನ್ನೇ ಆರಿಸುವಂತಿಲ್ಲ. ಇಂಥ ಸಾಮಾನ್ಯ ಯಂತ್ರಗಳಲ್ಲಿ ನೀರನ್ನೂ ತಟ್ಟೆಯನ್ನೂ ಕಾಯಿಸುವುದು ಒಂದೇ ಹೀಟರ್. ಪಂಪ್ ಕೂಡ ಇರುವುದಿಲ್ಲ, ಕೊಳವೆಯಲ್ಲಿ ಕುದಿಯುವ ಗುಳ್ಳೆಗಳೇ ನೀರನ್ನು ಮೇಲಕ್ಕೆ ತಳ್ಳುತ್ತವೆ. ಜಾಣ ಏರ್ಪಾಡು, ಒಪ್ಪುತ್ತೇನೆ. ನನ್ನ ಎರಡನೆಯ ಕಪ್ಪಿಗೆ ಮಾತ್ರ ಅದರಿಂದ ಉಪಕಾರವಾಗಲಿಲ್ಲ.

ಫ್ಲಾಸ್ಕಿನ ಯಂತ್ರವೂ ಸಾಧುವೇನಲ್ಲ. ಫ್ಲಾಸ್ಕಿನ ಮುಚ್ಚಳವು ಮೇಲಿರುವ ಪುಡಿ ಹಾಕುವ ಬುಟ್ಟಿಯ ತಡೆಗುಂಡಿಯನ್ನು ಒತ್ತಿದರೆ ಮಾತ್ರ ಕಾಫಿ ಕೆಳಗಿಳಿಯುತ್ತದೆ. ತಂದ ಮೊದಲ ವಾರ ಮುಚ್ಚಳ ಮರೆತು ಫ್ಲಾಸ್ಕ್ ಇಟ್ಟೆ. ಬುಟ್ಟಿ ತುಂಬಿ, ಪುಡಿಸಮೇತ ಉಕ್ಕಿ, ಕಟ್ಟೆಯಿಂದ ಡ್ರಾಯರಿನೊಳಕ್ಕೆ ಹರಿಯಿತು. ಚಮಚಗಳ ನಡುವೆ ಇಂದಿಗೂ ಒಂದೊಂದು ಕಣ ಸಿಗುತ್ತದೆ. ಫ್ಲಾಸ್ಕಿನ ಬಾಯಿ ಕಿರಿದಾದ್ದರಿಂದ ಒಳಗೆ ಕೈ ಹೋಗುವುದಿಲ್ಲ, ಕಂದು ಕಲೆ ಹೋಗಲು ಅಡಿಗೆ ಸೋಡಾ ಬೆರೆಸಿದ ಬಿಸಿನೀರು ತುಂಬಿಸಿ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಕಾಫಿ ಇಳಿಸುವ ಮುನ್ನ ಬಿಸಿನೀರಿನಿಂದ ಒಮ್ಮೆ ಜಾಲಿಸದಿದ್ದರೆ ತಣ್ಣನೆಯ ಉಕ್ಕು ಮೊದಲ ಕಪ್ಪಿನ ಬಿಸಿಯನ್ನು ಕುಡಿದುಬಿಡುತ್ತದೆ.

ಪುಡಿಯ ಅಳತೆ ಎರಡಕ್ಕೂ ಒಂದೇ, ಲೀಟರ್ ನೀರಿಗೆ ಸುಮಾರು 60 ಗ್ರಾಂ. ಪುಡಿಗೆ ತಾಗುವ ನೀರು 92ರಿಂದ 96 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು. ಯಂತ್ರದ ನೀರಿನ ತೊಟ್ಟಿಯ ಮೇಲಿನ ‘ಕಪ್’ ಗೆರೆಗಳನ್ನು ನಂಬಬೇಡಿ, ನನ್ನ ಎರಡೂ ಯಂತ್ರಗಳ ಕಪ್ 150 ಮಿಲಿಲೀಟರ್ ದಾಟುವುದಿಲ್ಲ.

ಕೈಯಿಂದಲೇ ನೀರು ಸುರಿದು ಸೋಸುವ ವಿಧಾನ? ರುಚಿಯಲ್ಲಿ ಎರಡನ್ನೂ ಮೀರಿಸುತ್ತದೆ. ಬೆಳಗ್ಗೆ ಆರಕ್ಕೆ ಕೆಟಲ್ ಹಿಡಿದು ನಿಲ್ಲುವ ಶ್ರದ್ಧೆ ಇದ್ದಿದ್ದರೆ ನಾನು ಯಂತ್ರವನ್ನೇಕೆ ಕೊಳ್ಳುತ್ತಿದ್ದೆ?

ಫ್ಲಾಸ್ಕಿನ ಯಂತ್ರಕ್ಕೆ ಹಣ ಹೆಚ್ಚು. ಬೀಜವನ್ನು ಸಮನಾಗಿ ಅರೆಯುವ ಬರ್ ಗ್ರೈಂಡರಿಗೆಂದು ಕೂಡಿಟ್ಟದ್ದು ಅದಕ್ಕೇ ಹೋಯಿತು, ಹಾಗಾಗಿ ಇನ್ನೂ ಬ್ಲೇಡ್ ಗ್ರೈಂಡರಿನ ಏರುಪೇರು ಪುಡಿಯಲ್ಲೇ ಕಾಲ ತಳ್ಳುತ್ತಿದ್ದೇನೆ. ನೀವು ಒಂದೇ ಕಪ್ ಕುಡಿದು ಮನೆ ಬಿಡುವವರಾದರೆ ಗಾಜಿನದನ್ನೇ ಕೊಂಡು, ಉಳಿದ ಹಣವನ್ನು ಗ್ರೈಂಡರಿಗೆ ಹಾಕಿ. ನನ್ನ ಹಾಗೆ ಎರಡನೆಯ ಕಪ್ಪಿಗಾಗಿ ಬದುಕುವವರಾದರೆ ಫ್ಲಾಸ್ಕೇ ಸರಿ. ಹಳೆಯ ಗಾಜಿನ ಜಾಡಿಯನ್ನು ನಾನೂ ಎಸೆದಿಲ್ಲ. ಹೊಸ ಯಂತ್ರಕ್ಕೆ ನೀರು ಅಳೆದು ಹಾಕುವುದು ಅದರಲ್ಲೇ.