ತೇಗದ ಬಾಗಿಲಿಗೆ ಟೂ-ಪ್ಯಾಕ್ ಪಿಯು ಕ್ಲಿಯರ್: ಐದು ಮಳೆಗಾಲ ಕಂಡ ಮೇಲೆ

ಬಳಸಿದ್ದು ಬೇಸ್ ಒಂದು ಡಬ್ಬಿ, ಅದನ್ನು ಗಟ್ಟಿಮಾಡುವ ಹಾರ್ಡ್ನರ್ ಒಂದು ಡಬ್ಬಿ ಬರುವ ಪಾಲಿಯುರಿಥೇನ್ (ಪಿಯು) ಕ್ಲಿಯರ್, ಅಂದರೆ ಮರ ಕಾಣುವಂಥ ಪಾರದರ್ಶಕ ಪಾಲಿಶ್. ಹೊರಾಂಗಣದ ದರ್ಜೆ, ಮ್ಯಾಟ್ (ಹೊಳಪಿಲ್ಲದ್ದು). ಹೊಡೆದದ್ದು ಮಲೆನಾಡಿನ ಸಾಗರ ಊರಿನ ಒಂದು ಮನೆಯ ತೇಗದ ಮುಂಬಾಗಿಲು, ಚೌಕಟ್ಟು, ಹೊಸಿಲು ಮತ್ತು ಒಳಗಿನ ಹಲಸಿನ ಮರದ ಊಟದ ಮೇಜಿಗೆ. ಬಾಗಿಲು ಪೂರ್ವಕ್ಕಿದೆ, ಮೇಲೆ ಮೂರಡಿ ಸಜ್ಜಾ ಇದೆ. ಬಾಗಿಲಿಗೂ ಮೇಜಿಗೂ ಇದನ್ನು ಧೈರ್ಯವಾಗಿ ಹಾಕಿಸಿ. ಹೊಸಿಲಿಗೆ ಮಾತ್ರ ಬೇಡವೇ ಬೇಡ, ಕಾರಣ ಮುಂದಿದೆ.

ಫಿನಿಶ್ ನುಣುಪಾಗದಿದ್ದರೆ ಎಲ್ಲರೂ ಮೊದಲು ಬೈಯುವುದು ಡಬ್ಬಿಯನ್ನು. ಟಾರ್ಚನ್ನು ಮರಕ್ಕೆ ತಾಗಿಸಿದಂತೆ ಅಡ್ಡ ಹಿಡಿದು ನೋಡಿ, ತಪ್ಪು ಉಜ್ಜಿದ್ದರಲ್ಲೇ ಇರುತ್ತದೆ. ಉಪ್ಪುಕಾಗದ 120 ನಂಬರ್, ಆಮೇಲೆ 180, ಆಮೇಲೆ 240 (ನಂಬರ್ ಹೆಚ್ಚಿದಷ್ಟೂ ಕಾಗದ ನಯ). ನಡುವಿನದನ್ನು ಹಾರಿಸಿದರೆ 120ರ ಗೀರು ಹಾಗೇ ಉಳಿಯುತ್ತದೆ. ಬರೀ ಮರದಲ್ಲಿ ಅದು ಕಾಣುವುದಿಲ್ಲ, ಸೀಲರ್ (ಮರದ ರಂಧ್ರ ಮುಚ್ಚುವ ಮೊದಲ ಪದರ) ಬಿದ್ದ ತಕ್ಷಣ ಎದ್ದು ಕಾಣುತ್ತದೆ. ಮರದ ಎಳೆಯ ಉದ್ದಕ್ಕೇ ಉಜ್ಜಬೇಕು, ಅಡ್ಡ ಉಜ್ಜಿದ ಒಂದೇ ಒಂದು ಗೀರನ್ನೂ ಕ್ಲಿಯರ್ ಮುಚ್ಚುವುದಿಲ್ಲ. 180 ಮುಗಿದ ಮೇಲೆ ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಲು ಬಿಡಿ. ಮಲಗಿದ್ದ ನಾರೆಲ್ಲ ಎದ್ದು ಮುಳ್ಳುಮುಳ್ಳಾಗುತ್ತದೆ. ಆಗ 240ರಲ್ಲಿ ಹಗುರವಾಗಿ ಸವರಿದರೆ ಸಾಕು. ಈ ಒಂದು ಹೆಜ್ಜೆಯಿಂದ ಆಗುವ ವ್ಯತ್ಯಾಸ ದುಬಾರಿ ಬ್ರ್ಯಾಂಡಿನಿಂದಲೂ ಆಗುವುದಿಲ್ಲ.

ತೇಗದಲ್ಲಿ ಎಣ್ಣೆಯಂಶ ಇದೆ. ಅದು ಪಾಲಿಶ್ ಒಣಗುವುದನ್ನು ತಡಮಾಡುತ್ತದೆ, ಹಿಡಿತವನ್ನೂ ಸಡಿಲಿಸುತ್ತದೆ. ಮೊದಲ ಕೋಟಿಗೆ ಸ್ವಲ್ಪ ಮುಂಚೆ ಬಿಳಿ ಹತ್ತಿಬಟ್ಟೆಯನ್ನು ಪಿಯು ಥಿನ್ನರಿನಲ್ಲಿ ಅದ್ದಿ ಒರೆಸಬೇಕು. ಬಟ್ಟೆ ಹಳದಿ-ಕಂದು ಆಗುತ್ತದೆ, ಮಗ್ಗಲು ಬದಲಿಸುತ್ತಾ ಒರೆಸಿ. ಒರೆಸಿ ಮರುದಿನ ಹೊಡೆದರೆ ಪ್ರಯೋಜನವಿಲ್ಲ, ಅಷ್ಟರಲ್ಲಿ ಒಳಗಿನ ಎಣ್ಣೆ ಮತ್ತೆ ಮೇಲೆ ಬಂದಿರುತ್ತದೆ.

ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈ ಹಾಕಬೇಡಿ. ಹಾರ್ಡ್ನರಿನಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ಬೇಸ್ ಜೊತೆ ಕೂಡಬೇಕಾದದ್ದು ನೀರಿನ ಜೊತೆ ಕೂಡಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಪದರದಲ್ಲಿ ಸೂಜಿಮೊನೆಯಷ್ಟು ಗುಳ್ಳೆ ಕಾಣುವುದು ಅದರಿಂದಲೇ. ಮರದ ತೇವ ಮೀಟರಿನಲ್ಲಿ 12 ಶೇಕಡಾದ ಒಳಗಿರಲಿ. ಫೆಬ್ರವರಿ-ಮಾರ್ಚ್, ಬೆಳಿಗ್ಗೆ ಇಬ್ಬನಿ ಆರಿದ ಮೇಲಿನ ಹೊತ್ತು ಸರಿ.

ಈ ಡಬ್ಬಿಯ ಅಳತೆ ಬೇಸ್ 2 ಪಾಲು, ಹಾರ್ಡ್ನರ್ 1 ಪಾಲು. ಕಂಪನಿಯಿಂದ ಕಂಪನಿಗೆ ಇದು ಬೇರೆ, ಹಾಗಾಗಿ ಡಬ್ಬಿಯ ಮೇಲಿನದನ್ನೇ ನಂಬಿ, ಕಣ್ಣಂದಾಜು ಬೇಡ. ಹಾರ್ಡ್ನರ್ ಕಡಿಮೆಯಾದರೆ ಪದರ ಮೆತ್ತಗೇ ಉಳಿದು ಉಗುರಿಗೆ ಸಿಗುತ್ತದೆ. ಬೇಗ ಒಣಗಲಿ ಎಂದು ಹೆಚ್ಚು ಸುರಿದರೆ ಗಾಜಿನಂತೆ ಪೆಡಸಾಗಿ ಸೀಳುತ್ತದೆ. ಒಮ್ಮೆಗೆ 300 ಮಿ.ಲೀ. ಬೇಸ್, 150 ಹಾರ್ಡ್ನರ್, 130ರಷ್ಟು ಥಿನ್ನರ್ ಕಲಸಿ. ಮೂರು ಗಂಟೆಯೊಳಗೆ ಮುಗಿಯಬೇಕು, ಆಮೇಲೆ ಗಟ್ಟಿಯಾಗತೊಡಗುತ್ತದೆ. ಮ್ಯಾಟ್ ಡಬ್ಬಿಯ ತಳದಲ್ಲಿ ಹೊಳಪು ಕುಂದಿಸುವ ಪುಡಿ ಕೂತಿರುತ್ತದೆ. ಕೋಲಿನಲ್ಲಿ ತಳ ಕೆರೆದು ಕಲಕದಿದ್ದರೆ ಬಾಗಿಲಿನ ಒಂದು ಹಲಗೆ ಹೊಳೆದು ಇನ್ನೊಂದು ಮಂಕಾಗುತ್ತದೆ.

ಅಂಗಡಿಯಲ್ಲಿ ಪಿಯು ಥಿನ್ನರ್ ಮುಗಿದಿದ್ದರೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಕೊಟ್ಟು ‘ಎರಡೂ ಒಂದೇ’ ಎನ್ನುತ್ತಾರೆ. ಒಂದೇ ಅಲ್ಲ! ಎನ್‌ಸಿ ಥಿನ್ನರಿನಲ್ಲಿ ಸಾಮಾನ್ಯವಾಗಿ ಆಲ್ಕೋಹಾಲ್ ಇರುತ್ತದೆ, ಅದು ಹಾರ್ಡ್ನರನ್ನು ತಾನೇ ತಿಂದುಹಾಕುತ್ತದೆ. ಒಂದು ವಾರವಾದರೂ ಅಂಟಂಟು ಬಿಡದ ಮೇಜುಗಳ ಹಿಂದೆ ಬಹಳ ಸಲ ಇದೇ ಕಾರಣ ಇರುತ್ತದೆ.

ಸೀಲರ್ ಮೂರು ಕೋಟ್, ಪ್ರತಿ ಕೋಟ್ ಒಣಗಿದ ಮೇಲೆ 320ರಲ್ಲಿ ಉಜ್ಜಬೇಕು. ಸರಿಯಾಗಿ ಒಣಗಿದ್ದರೆ ಹಿಟ್ಟಿನಂಥ ಬಿಳಿ ಪುಡಿ ಉದುರುತ್ತದೆ. ಕಾಗದಕ್ಕೆ ಉಂಡೆಯಾಗಿ ಮೆತ್ತಿಕೊಂಡರೆ ಇನ್ನೂ ಕಾಯಬೇಕು. ಮೇಲಿನ ಕೊನೆಯ ಪದರವಾದ ಟಾಪ್‌ಕೋಟ್ ಎರಡು. ಬಾಗಿಲನ್ನು ಕಳಚಿ ಮಲಗಿಸಿ, ಸ್ಪ್ರೇ ಗನ್ನಿಗೆ 1.5 ಮಿ.ಮೀ. ನಾಝಲ್, ಆರೇಳು ಇಂಚು ದೂರ, ಒಂದು ಪಟ್ಟಿಯ ಅರ್ಧವನ್ನು ಮುಂದಿನ ಪಟ್ಟಿ ಮುಚ್ಚುವಂತೆ ಹೊಡೆಯಬೇಕು. ಕಿತ್ತಳೆ ಸಿಪ್ಪೆಯಂತೆ ಕಂಡರೆ ಮಿಶ್ರಣ ದಪ್ಪವಾಗಿದೆ ಅಥವಾ ಗನ್ ದೂರವಿದೆ. 7 ಅಡಿಗೆ ಮೂರೂವರೆ ಅಡಿಯ ಬಾಗಿಲಿನ ಎರಡೂ ಮೈ ಮತ್ತು ಚೌಕಟ್ಟಿಗೆ ಕಲಸಿದ ಸೀಲರ್ ಸುಮಾರು ಎರಡೂವರೆ ಲೀಟರ್, ಟಾಪ್‌ಕೋಟ್ ಒಂದೂವರೆ ಲೀಟರ್ ಹಿಡಿಯಿತು. ಹೊಡೆಯುವವರಿಗೆ ಸಾವಯವ ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕ್ ಕೊಡಿಸಲೇಬೇಕು. ಐಸೊಸಯನೇಟಿನಿಂದ ಅಸ್ತಮಾ ಬರಬಹುದು, ಮೂಗಿಗೆ ಕಟ್ಟಿದ ಕರವಸ್ತ್ರ ಅದನ್ನು ತಡೆಯುವುದಿಲ್ಲ. ಈ ಖರ್ಚು ಮನೆಯವರದ್ದೇ ಆಗಬೇಕು.

ಇನ್ನು ಬಾಳಿಕೆ. ಬಾಗಿಲಿನ ಮೇಲ್ಭಾಗ ಇವತ್ತಿಗೂ ಮೊದಲ ದಿನದಂತಿದೆ. ಹಿಡಿಕೆಯ ಸುತ್ತ ಅಂಗೈಯಗಲ ಮಾತ್ರ ಮ್ಯಾಟ್ ಸವೆದು ಹೊಳಪಾಗಿದೆ. ಕೈ ತಾಗುವ ಕಡೆ ಮ್ಯಾಟ್ ಹೀಗಾಗುವುದು ಸಹಜ. ಕೆಳಗಿನ ಒಂದು ಅಡಿಗೆ ಮಳೆಯ ಎರಚಲು ಬೀಳುತ್ತದೆ. ಮೂರನೇ ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿ ಬಣ್ಣ ಮಂಕಾಗತೊಡಗಿತ್ತು. ಪದರ ಏಳುವ ಮೊದಲೇ 400ರಲ್ಲಿ ಉಜ್ಜಿ ಒಂದು ಟಾಪ್‌ಕೋಟ್ ಕೊಟ್ಟಿದ್ದರಿಂದ ಉಳಿಯಿತು. ಎದ್ದ ಮೇಲೆ ತೇಪೆ ಕೂರುವುದಿಲ್ಲ, ಬರೀ ಮರದವರೆಗೆ ಕೆರೆಯಬೇಕು. ಕ್ಲಿಯರ್ ಪದರದ ಮೂಲಕ ಬಿಸಿಲು ಒಳಗಿಳಿದು ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಕೆಡಿಸುತ್ತದೆ, ಕೆಟ್ಟ ಮರದ ಮೇಲೆ ಪದರಕ್ಕೆ ಹಿಡಿತವಿಲ್ಲ. ಪಶ್ಚಿಮಕ್ಕಿರುವ, ಸಜ್ಜಾ ಇಲ್ಲದ ಬಾಗಿಲಿಗೆ ಇಷ್ಟು ವರ್ಷ ಬಾಳಿಕೆ ನಿರೀಕ್ಷಿಸಬೇಡಿ.

ಬಾಗಿಲಿನ ಕೆಳ ಅಂಚಿಗೂ ಮೇಲಿನ ಅಂಚಿಗೂ ಸೀಲರ್ ಹೊಡೆದಿದ್ದಾರೆಯೇ ಎಂದು ಬಾಗಿಲು ಏರಿಸುವ ಮುಂಚೆ ಬೆರಳಾಡಿಸಿ ನೋಡಿ. ಕಾಣದ ಜಾಗವೆಂದು ಬಿಟ್ಟುಬಿಡುತ್ತಾರೆ. ನೀರು ಕುಡಿದು ಬಾಗಿಲು ಉಬ್ಬುವುದು ಅಲ್ಲಿಂದಲೇ.

ಹೊಸಿಲು ಎರಡನೇ ಮಳೆಗಾಲವನ್ನೂ ದಾಟಲಿಲ್ಲ. ದಿನಾ ನೀರು ಹಾಕಿ ತೊಳೆಯುವ, ಕಾಲು ತಾಗುವ ಮರ ಅದು. ಅಂಚಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟಿತು, ನೀರು ಇಳಿಯಿತು, ಪದರ ಬಾಳೆಸಿಪ್ಪೆಯಂತೆ ಸುಲಿದು ಬಂತು. ಅರಿಶಿನದ ಕಲೆಗೆ ಹೆದರಬೇಕಿಲ್ಲ, ಬಿಸಿಲು ಬಿದ್ದಷ್ಟೂ ತಾನೇ ಮಾಸುತ್ತದೆ. ಅಂಚಿನಲ್ಲಿ ಇಳಿಯುವ ನೀರೇ ಶತ್ರು. ಪೂರ್ತಿ ಕೆರೆದು ತೆಗೆದು, ಕಾಯಿಸಿದ ಅಗಸೆ ಎಣ್ಣೆಯನ್ನು ತೆಳುವಾಗಿ ಮೂರು ಸಲ ತಿಕ್ಕಿದ್ದು ಈಗ ಚೆನ್ನಾಗಿದೆ, ವರ್ಷಕ್ಕೆರಡು ಸಲ ಮತ್ತೆ ಸವರಿದರೆ ಸಾಕು. ಎಣ್ಣೆ ಹತ್ತಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬೆಂಕಿ ಹತ್ತಬಹುದು. ಬಿಡಿಸಿ ಹರವಿ ಒಣಗಿಸಿ.

ಮೇಜಿನ ಮೇಲೆ ಸಾರು, ಉಪ್ಪಿನಕಾಯಿ ಎಣ್ಣೆ, ಕಾಫಿ ಯಾವುದೂ ಕಲೆ ಬಿಟ್ಟಿಲ್ಲ. ಒಲೆಯಿಂದ ಇಳಿಸಿದ ಕುಕ್ಕರ್ ಇಟ್ಟ ಕಡೆ ಒಂದು ಬಿಳಿ ಉಂಗುರ ಉಳಿದಿದೆ. ಹಲಸಿನ ಹಳದಿ ಕ್ರಮೇಣ ಜೇನುಬಣ್ಣಕ್ಕೆ, ಕಂದಿಗೆ ತಿರುಗುತ್ತದೆ, ಪಿಯು ಅದನ್ನು ನಿಲ್ಲಿಸುವುದಿಲ್ಲ. ಮೊದಲ ಆರು ತಿಂಗಳು ಮೇಜಿನ ಮೇಲೆ ಒಂದೇ ಕಡೆ ಚಾಪೆಯಾಗಲಿ ಹೂದಾನಿಯಾಗಲಿ ಇಡಬೇಡಿ, ಅದರ ಆಕಾರದ ತಿಳಿ ಹಳದಿ ಗುರುತು ಉಳಿದುಬಿಡುತ್ತದೆ.