ವಿಸಿಟಿಂಗ್ ಕಾರ್ಡಲ್ಲಿ ಕ್ಯೂಆರ್ ಹಾಕಿಸೋ ಮುಂಚೆ ಇದನ್ನ ಓದಿ

ಮುಂಬೈಲಿ ಸೌಂಡ್ ಕೆಲ್ಸ ಮಾಡ್ತಿರೋ ನಮ್ ಕನ್ನಡದವ್ರು, ಡಬ್ಬಿಂಗು, ಸಿಂಕ್ ಸೌಂಡು, ಮಿಕ್ಸಿಂಗು ಯಾವ್ದೇ ಇರ್ಲಿ, ಕಾರ್ಡ್ ಮಾಡ್ಸೋ ಯೋಚ್ನೆ ಇದ್ರೆ ಮೊದ್ಲು ಅದ್ರಲ್ಲಿರೋ ಕ್ಯೂಆರ್ ಯಾರ ಅಕೌಂಟಲ್ಲಿದೆ ಅಂತ ಕೇಳಿ.

ನಮ್ದು ಕೇಳ್ಸೋ ಕೆಲ್ಸ, ಹಾಗಾಗಿ ಹೆಸ್ರು ನಂಬರ್‌ಗಿಂತ ಷೋರೀಲ್‌ಗೆ (ನಮ್ ಕೆಲ್ಸದ ಸ್ಯಾಂಪಲ್ ರೀಲು) ಹೋಗೋ ಕ್ಯೂಆರೇ ಕಾರ್ಡಿನ ಜೀವ. ನಾನು ಅಂಧೇರಿಲಿ ಒಬ್ಬ ಫ್ರೀಲಾನ್ಸ್ ಡಿಸೈನರ್ ಹತ್ರ ಮಾಡಿಸ್ದೆ, ನಮ್ ಕರಾವಳಿ ಕಡೆಯವ್ನೇ, ಹೆಸ್ರು ಬೇಡ. ಮ್ಯಾಟ್ ಕಪ್ಪು ಕಾರ್ಡು, ಮುಂದೆ ಬೆಳ್ಳಿ ಫಾಯಿಲಲ್ಲಿ ವೇವ್‌ಫಾರ್ಮು (ಸೌಂಡಿನ ಅಲೆ ಚಿತ್ರ), ಹಿಂದೆ ಕ್ಯೂಆರ್. ನೋಡೋಕೆ ಭರ್ಜರಿ. (ಆ ವೇವ್‌ಫಾರ್ಮು ಎಡಕ್ಕೂ ಬಲಕ್ಕೂ ಕನ್ನಡಿ ಹಿಡ್ದಂಗೆ ಒಂದೇ ತರ, ಅಂಥ ಸೌಂಡ್ ನಾನಂತೂ ಇದುವರೆಗೂ ರೆಕಾರ್ಡ್ ಮಾಡಿಲ್ಲ, ಅದಿರ್ಲಿ.)

ಸ್ವಲ್ಪ ದಿನ ಚೆನ್ನಾಗೇ ನಡೀತು. ಆಮೇಲೆ ಒಂದಿನ ವರ್ಸೋವಾದ ಆರಾಮ್ ನಗರದಲ್ಲಿ ಒಬ್ರು ಪ್ರೊಡ್ಯೂಸರ್ ನನ್ ಎದುರಿಗೇ ಸ್ಕ್ಯಾನ್ ಮಾಡಿದ್ರು, ರೀಲ್ ಬರೋ ಜಾಗದಲ್ಲಿ ಯಾವ್ದೋ ಕಂಪ್ನಿ ಪೇಜು, ಈ ಕೋಡ್ ಬಂದ್ ಆಗಿದೆ ಪ್ಲಾನ್ ತಗೊಳ್ಳಿ ಅಂತ. ಅವ್ರು ನಕ್ಕು ಕಾರ್ಡನ್ನ ಟೇಬಲ್ ಮೇಲಿಟ್ರು, ಜೇಬಿಗೆ ಹಾಕ್ಕೊಳ್ಲಿಲ್ಲ.

ಡಿಸೈನರ್‌ಗೆ ಫೋನ್ ಮಾಡಿದ್ರೆ, "ಅಣ್ಣಾ ಅದು ಡೈನಾಮಿಕ್ ಕೋಡು, ವರ್ಷ ವರ್ಷ ರಿನ್ಯೂ ಮಾಡ್ಬೇಕು, ದುಡ್ಡು ಹಾಕಿ ಇವತ್ತೇ ಚಾಲೂ ಮಾಡ್ತೀನಿ" ಅಂದ. ಮಾಡ್ಕೊಡುವಾಗ ಇದ್ರ ಸುದ್ದೀನೇ ಇಲ್ಲ. ಲಾಗಿನ್ ಕೊಡಪ್ಪಾ ಅಂದ್ರೆ ಬೇರೆ ಕ್ಲೈಂಟ್‌ಗಳದ್ದೂ ಅದ್ರಲ್ಲೇ ಇದ್ಯಂತೆ, ಕೊಡೋಕಾಗಲ್ವಂತೆ. ಅಂದ್ರೆ ನನ್ ಅಂಗಡಿ ಬೀಗದ ಕೈ ಅವ್ನ ಜೇಬಲ್ಲಿ.

ವಿಷ್ಯ ಏನಪ್ಪಾ ಅಂದ್ರೆ, ಸ್ಟ್ಯಾಟಿಕ್ ಕ್ಯೂಆರಲ್ಲಿ ನಿಮ್ ಲಿಂಕೇ ಆ ಚುಕ್ಕಿಗಳೊಳ್ಗೆ ಕೂತಿರತ್ತೆ, ಅದಕ್ಕೆ ಎಕ್ಸ್‌ಪೈರಿ ಇಲ್ಲ, ಬಾಡ್ಗೆ ಇಲ್ಲ. ಡೈನಾಮಿಕಲ್ಲಿ ಕೂತಿರೋದು ಆ ಕಂಪ್ನಿಯ ಚಿಕ್ ಲಿಂಕು, ಅದು ಅವ್ರ ಸರ್ವರ್‌ಗೆ ಹೋಗಿ ಅಲ್ಲಿಂದ ನಿಮ್ ರೀಲ್‌ಗೆ ಕಳ್ಸತ್ತೆ, ಅವ್ರು ನಿಲ್ಸಿದ್ರೆ ನಿಮ್ ಕಥೆ ಮುಗೀತು. ರೀಲ್ ಬದ್ಲಾಯ್ಸೋಕೆ ಡೈನಾಮಿಕ್ಕೇ ಬೇಕು ಅಂತಾರೆ, ನಂಬ್ಬೇಡಿ, ಸ್ವಂತ ಡೊಮೈನ್ (ನಿಮ್ದೇ ವೆಬ್ ವಿಳಾಸ) ತಗೊಂಡು ಅದ್ರ ಸ್ಟ್ಯಾಟಿಕ್ ಕೋಡ್ ಹಾಕ್ಸಿ, ಪೇಜಲ್ಲಿ ಏನ್ ಬೇಕಾದ್ರೂ ಬದ್ಲಾಯ್ಸ್ಕೊಳ್ಳಿ. ಲಿಂಕ್ ಚಿಕ್ದಾದಷ್ಟೂ ಚೌಕಗಳು ಕಮ್ಮಿ, ಸ್ಕ್ಯಾನೂ ಬೇಗ, ಗೂಗಲ್ ಡ್ರೈವ್‌ನ ಉದ್ದುದ್ದ ಲಿಂಕ್ ತುರುಕಿದ್ರೆ ಇರುವೆ ಗೂಡೇ.

ಇನ್ನೊಂದು, ಕಪ್ಪು ಮೇಲೆ ಬಿಳಿ ಕ್ಯೂಆರನ್ನ ಕೆಲವು ಸ್ಕ್ಯಾನರ್‌ಗಳು ಓದೋದೇ ಇಲ್ಲ, ಫಾಯಿಲಲ್ಲಿ ಹಾಕ್ಸಿದ್ರೆ ಲೈಟ್ ಹೊಡ್ದು ಇನ್ನೂ ಕಷ್ಟ. ಬಿಳಿ ಮೇಲೆ ಕಪ್ಪೇ ಇರ್ಲಿ, ಸುತ್ತ ಕೋಡಿನ ನಾಲ್ಕು ಪುಟ್ಟ ಚೌಕದಷ್ಟು ಅಗಲ ಖಾಲಿ ಬಿಡ್ಸಿ, 2 ಸೆಂ.ಮೀ.ಗಿಂತ ಚಿಕ್ದು ಬೇಡ. ಸ್ಕ್ರೀನಲ್ಲಿ ಪಿಡಿಎಫ್ ನೋಡಿ ಓಕೆ ಅನ್ಬೇಡಿ, ಒಂದು ಸ್ಯಾಂಪಲ್ ಪ್ರಿಂಟ್ ತಗೊಂಡು ಹಳೇ ಫೋನಲ್ಲಿ, ಸ್ಟುಡಿಯೋದ ಮಂದ ಬೆಳಕಲ್ಲಿ ಸ್ಕ್ಯಾನ್ ಮಾಡಿ ನೋಡಿ.

ಓಪನ್ ಫೈಲ್, ಅಂದ್ರೆ ಡಿಸೈನಿನ ಮೂಲ ಫೈಲ್ ಕೇಳ್ದಾಗ್ಲೂ ಆ ಡಿಸೈನರ್ ಎಕ್ಸ್‌ಟ್ರಾ ಆಗತ್ತೆ ಅಂದ, ಹಾಗಾಗಿ ಕೊನೇ ಕಂತು ಕೊಡೋದು ಎಡಿಟ್ ಆಗೋ ಫೈಲು, 3 ಮಿ.ಮೀ. ಬ್ಲೀಡ್ (ಕತ್ತರಿಸೋಕೆ ಅಂತ ಅಂಚಿನಾಚೆ ಬಿಡೋ ಹೆಚ್ಚುವರಿ ಜಾಗ) ಇರೋ ಸಿಎಂವೈಕೆ (ಪ್ರಿಂಟಿನ ನಾಲ್ಕು ಬಣ್ಣದ) ಪಿಡಿಎಫ್ಫು ಎರಡೂ ನಿಮ್ ಕೈಗೆ ಬಂದ್ಮೇಲೇ. ನಂದು ಈಗ ಹೊಸ್ದಾಗಿ ಪ್ರಿಂಟ್‌ಗೆ ಕೊಡ್ಬೇಕು, ದಾದರ್ ಕಡೆ ಸ್ಯಾಂಪಲ್ ತೆಗ್ದು ಕೊಡೋ ಪ್ರಿಂಟರ್ ಯಾರಾದ್ರೂ ಗೊತ್ತಿದ್ರೆ ಹೇಳಿ.