ಮನೆಯಲ್ಲೇ ಮಾಡುವ ಡ್ರಗ್ಸ್ ಟೆಸ್ಟ್ ಕಿಟ್: ಐದಕ್ಕೆ ಎರಡು ಸ್ಟಾರ್, ಅದರಲ್ಲಿ ಒಂದು ಡೆಲಿವರಿ ಹುಡುಗನಿಗೆ

ಕಂಪನಿಯ ಹೆಸರು ಬರೆಯಲ್ಲ. ಆನ್‌ಲೈನ್‌ನಲ್ಲಿ ಹುಡುಕಿದರೆ ಇಂಥವು ಹತ್ತಾರು ಸಿಗುತ್ತವೆ, ಡಬ್ಬದ ಬಣ್ಣ ಬೇರೆ ಅನ್ನೋದು ಬಿಟ್ಟರೆ ಒಳಗೆ ಹೆಚ್ಚುಕಮ್ಮಿ ಒಂದೇ ಸರಕು. ಒಂದು ಪ್ಲಾಸ್ಟಿಕ್ ಕಾರ್ಡ್, ಅದರಲ್ಲಿ ಆರು ಸಣ್ಣ ಪಟ್ಟಿ, ಮೂತ್ರ ಹಿಡಿಯೋಕೆ ಒಂದು ಕಪ್, ಮತ್ತೆ ಮಡಚಿ ಮಡಚಿ ಅಂಚೆಚೀಟಿಯಷ್ಟು ಮಾಡಿಟ್ಟ ಇಂಗ್ಲಿಷ್ ಸೂಚನೆ. ಎರಡು ಕಾರ್ಡಿನ ಪ್ಯಾಕ್ ತಗೊಂಡೆ, ಏಳುನೂರು ಚಿಲ್ಲರೆ ಆಯ್ತು. ಮಾರನೇ ದಿನವೇ ಬಂತು, ಮೇಲೆ ಏನೂ ಬರೆದಿಲ್ಲದ ಕಂದು ಕವರಿನಲ್ಲಿ. ಅದೊಂದು ಪುಣ್ಯ. ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರು ಪಾರ್ಸೆಲ್ ಮೇಲೆ ಇರೋದನ್ನೆಲ್ಲ ಗಟ್ಟಿಯಾಗಿ ಓದಿಯೇ ಕೈಗೆ ಕೊಡೋದು.

ಯಾಕೆ ತರಿಸಿದೆ ಅಂದರೆ, ಶುರು ಆಗಿದ್ದು ವಾಟ್ಸಾಪ್‌ನಿಂದ. ಪೇರೆಂಟ್ಸ್ ಗ್ರೂಪಿನಲ್ಲಿ ಯಾರೋ ಒಂದು ಮೆಸೇಜ್ ಹಾಕಿದರು, ಸ್ಟ್ರಾಬೆರಿ ವಾಸನೆ ಬರೋ ಗುಲಾಬಿ ಬಣ್ಣದ ಐಸ್ ಡ್ರಗ್ ಬಂದಿದೆ, ಶಾಲೆ ಗೇಟಿನ ಹತ್ತಿರ ಚಾಕೊಲೇಟ್ ಅಂತ ಹಂಚ್ತಿದ್ದಾರೆ, ಎಲ್ಲರಿಗೂ ತಿಳಿಸಿ ಅಂತ. ನಾನು ಅದನ್ನ ಮನೆ ಗ್ರೂಪಿಗೆ ಹಾಕಿದೆ. ಮಗ ಎರಡನೇ ಪಿಯುಸಿ, ಎರಡೇ ನಿಮಿಷದಲ್ಲಿ ಉತ್ತರ ಬಂತು: "ಅಮ್ಮಾ, ಇದು 2007ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಸುಳ್ಳು. ನಾನು ಹುಟ್ಟೋಕೆ ಮುಂಚಿಂದು." ಜೊತೆಗೆ ನಗೋ ಎಮೋಜಿ ಮೂರು. ನೋಡಿದರೆ ನಿಜ, ಅಷ್ಟು ವರ್ಷದಿಂದ ದೇಶ ದೇಶ ಸುತ್ತುತ್ತಾ ಇದೆ ಆ ಮೆಸೇಜು. ಡ್ರಗ್ಸ್ ಬಗ್ಗೆ ಮಗನ ಜೊತೆ ನಾನು ಆಡಿದ ಮೊದಲ ಮಾತು ಅದು, ಅದೇ ಸುಳ್ಳಾಯ್ತು. ಅವತ್ತೇ ನನ್ನ ಮಾರ್ಕೆಟ್ ಬಿದ್ದುಹೋಯ್ತು.

ಆದರೆ ಹುಳ ತಲೆಗೆ ಹೊಕ್ಕಾಗಿತ್ತು. ಅವನು ರಾತ್ರಿ ಎರಡು ಗಂಟೆವರೆಗೂ ಎದ್ದಿರೋದು, ಸರಿಯಾಗಿ ಊಟ ಮಾಡದೆ ಇರೋದು, ಕೇಳಿದ್ದಕ್ಕೆಲ್ಲ ಸಿಡುಕೋದು, ರೂಮಿನ ಚಿಲಕ ಹಾಕ್ಕೊಳ್ಳೋದು. ಇಂಟರ್‌ನೆಟ್‌ನಲ್ಲಿ ಮೆಥ್ (ಆ ಐಸ್ ಅನ್ನೋದರ ಇನ್ನೊಂದು ಹೆಸರು) ಲಕ್ಷಣ ಅಂತ ಹುಡುಕಿದರೆ ಇದೇ ಪಟ್ಟಿ ಬರುತ್ತೆ. ಹದಿನೇಳು ವರ್ಷದ ಹುಡುಗನ ಲಕ್ಷಣ ಅಂತ ಹುಡುಕಿದ್ದರೂ ಇದೇ ಬರ್ತಿತ್ತೇನೋ, ಆದರೆ ನಾನು ಹಾಗೆ ಹುಡುಕಲಿಲ್ಲ ನೋಡಿ. ಪೇಪರ್ ತೆಗೆದರೂ ಅದೇ ಸುದ್ದಿ. 2024ರ ನವೆಂಬರ್‌ನಲ್ಲಿ ಅಂಡಮಾನ್ ಹತ್ತಿರ ಕೋಸ್ಟ್ ಗಾರ್ಡ್‌ನವರು ಒಂದು ಮ್ಯಾನ್ಮಾರ್ ದೋಣಿ ಹಿಡಿದರಲ್ಲ, ಅದರಲ್ಲಿ ಇದ್ದಿದ್ದು ಸುಮಾರು 6 ಸಾವಿರ ಕೆಜಿ ಮೆಥ್. ಅದಾಗಿ ಕೆಲವು ತಿಂಗಳಿಗೆ, 2025ರ ಮಾರ್ಚ್‌ನಲ್ಲಿ, ಮಂಗಳೂರು ಪೊಲೀಸರು ಬೆಂಗಳೂರಿಗೆ ಬಂದು 37 ಕೆಜಿಗೂ ಜಾಸ್ತಿ ಎಂಡಿಎಂಎ ಅನ್ನೋ ಇನ್ನೊಂದು ಡ್ರಗ್ ಹಿಡಿದರು. ಇಂಥದ್ದೆಲ್ಲ ಓದಿ ರಾತ್ರಿ ಮಲಗಿದರೆ, ಪಕ್ಕದ ರೂಮಿನ ಲೈಟು ಬಾಗಿಲ ಸಂದಿಯಿಂದ ಕಾಣ್ತಾ ಇದ್ದರೆ, ಯಾರಿಗೆ ನಿದ್ದೆ ಬರುತ್ತೆ ಹೇಳಿ.

ಈಗ ಕಿಟ್ ವಿಷಯ. ಭಾನುವಾರ ಬೆಳಿಗ್ಗೆ ಮಗನ ಕೈಗೆ ಕಪ್ ಕೊಟ್ಟೆ. ಅವನ ಮುಖ ಹೇಗಾಯ್ತು ಅಂತ ಬರೆಯಲ್ಲ. ಏನೂ ಮಾತಾಡದೆ ಒಳಗೆ ಹೋಗಿ ತಂದು ವಾಷಿಂಗ್ ಮೆಷಿನ್ ಮೇಲೆ ಟಪ್ ಅಂತ ಇಟ್ಟು ರೂಮಿಗೆ ಹೋದ. ಕಾರ್ಡಿನ ಮುಚ್ಚಳ ತೆಗೆದು, ಬಾಣದ ಗುರುತಿನವರೆಗೆ ಅದ್ದಿ, ಹತ್ತು ಹದಿನೈದು ಸೆಕೆಂಡ್ ಹಿಡಿದು, ಮೇಲೆ ತೆಗೆದು ಸಮನಾಗಿ ಇಡಬೇಕು. ಐದು ನಿಮಿಷಕ್ಕೆ ಓದಬೇಕು. ಆರು ಪಟ್ಟಿಯಲ್ಲೂ ನೀರು ಹತ್ತಿದ ಹಾಗೆ ಗುಲಾಬಿ ಬಣ್ಣ ಏರ್ತಾ ಹೋಯ್ತು. ಮೊದಲು ಮೇಲಿನ ಗೆರೆ ಮೂಡಿತು. ಆಮೇಲೆ ಕೆಳಗೆ ಇನ್ನೊಂದು. ಗಾಂಜಾ ಪಟ್ಟಿಯಲ್ಲಿ ಎರಡು ಗೆರೆ, ಕೊಕೇನ್‌ನಲ್ಲಿ ಎರಡು, ಮಾರ್ಫಿನ್‌ನಲ್ಲಿ ಎರಡು, ಹೀಗೆ ಆರರಲ್ಲೂ ಎರಡೆರಡು.

ನನಗೆ ಗೊತ್ತಿರೋ ಟೆಸ್ಟ್ ಒಂದೇ, ಪ್ರೆಗ್ನೆನ್ಸಿದು. ಅದರಲ್ಲಿ ಎರಡು ಗೆರೆ ಬಂದರೆ ಇದೆ ಅಂತ. ಹಾಗಾಗಿ ನನ್ನ ಮಗ ಗಾಂಜಾದಿಂದ ಮೆಥ್‌ವರೆಗೆ ಆರೂ ತಗೊಂಡಿದ್ದಾನೆ ಅಂತ ವಾಷಿಂಗ್ ಮೆಷಿನ್ ಹಿಡ್ಕೊಂಡು ನೆಲಕ್ಕೆ ಕುಸಿದೆ. ನಮ್ಮನೆಯವರು ಓಡಿ ಬಂದು, ಕನ್ನಡಕ ಹುಡುಕಿ, ಆ ಚೀಟಿ ಬಿಡಿಸಿ, ಕಿಟಕಿ ಹತ್ತಿರ ಹಿಡಿದು ಅಕ್ಷರ ಅಕ್ಷರ ಓದಿದರು. "ಲೇ, ಇದು ಉಲ್ಟಾ ಕಣೆ. ಇದರಲ್ಲಿ ಎರಡು ಗೆರೆ ಬಂದ್ರೆ ಇಲ್ಲ ಅಂತ. ಒಂದೇ ಬಂದ್ರೆ ಇದೆ ಅಂತ."

ಇದು ಹೇಗೆ ಅಂತ ಆಮೇಲೆ ತಿಳ್ಕೊಂಡೆ. ಪಟ್ಟಿಯಲ್ಲಿ ಬಣ್ಣ ಹಚ್ಚಿದ ಪ್ರತಿಕಾಯ, ಅಂದರೆ ಡ್ರಗ್ಗನ್ನ ಹಿಡಿಯೋ ಆಂಟಿಬಾಡಿ, ಇರುತ್ತೆ. ಮೂತ್ರದಲ್ಲಿ ಡ್ರಗ್ ಇದ್ದರೆ ಅದು ಹೋಗಿ ಪ್ರತಿಕಾಯಕ್ಕೆ ಅಂಟಿಕೊಳ್ಳುತ್ತೆ, ಗೆರೆ ಬರಬೇಕಾದ ಜಾಗದಲ್ಲಿ ಬಣ್ಣ ಕೂರಲ್ಲ. ಡ್ರಗ್ ಇಲ್ಲದಿದ್ದರೆ ಬಣ್ಣ ಅಲ್ಲಿಗೆ ಬಂದು ಕೂರುತ್ತೆ, ಗೆರೆ ಕಾಣುತ್ತೆ. ಬಸ್ಸಿನ ಸೀಟು ಥರ, ಬೇರೆಯವರು ಟವೆಲ್ ಹಾಕಿದ್ದರೆ ನಮಗೆ ಜಾಗ ಇಲ್ಲ. ಇಷ್ಟು ಮುಖ್ಯವಾದ ವಿಷಯವನ್ನ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಹಾಕೋಕೆ ಏನು ಕಷ್ಟ? ಕನ್ನಡದಲ್ಲಿ ಒಂದೇ ಒಂದು ಸಾಲು ಹಾಕಿದ್ದರೂ ನನ್ನ ಬಿಪಿ ಉಳಿಯುತ್ತಿತ್ತು. ಒಂದು ಸ್ಟಾರ್ ಇಲ್ಲೇ ಹೋಯ್ತು.

ಇನ್ನೊಂದು ಹೋಗಿದ್ದು ಮೆಥ್ ಪಟ್ಟಿಗೆ. ಅದರ ಕೆಳಗಿನ ಗೆರೆ ಉಳಿದ ಐದರ ಹಾಗೆ ಗಾಢವಾಗಿ ಇರಲಿಲ್ಲ, ಅಕ್ಕಿ ತೊಳೆದ ನೀರಿನಲ್ಲಿ ಕುಂಕುಮ ಬಿದ್ದ ಹಾಗೆ ಇತ್ತು. ಮಸುಕಾದರೂ ಗೆರೆ ಗೆರೆಯೇ, ಅದನ್ನೂ ಇಲ್ಲ ಅಂತಲೇ ಓದಬೇಕು ಅಂತ ಚೀಟಿಯಲ್ಲಿದೆ. ಆದರೆ ತಾಯಿಯ ತಲೆ ಕೇಳಬೇಕಲ್ಲ. ಸಂಜೆ ನಮ್ಮ ಡಾಕ್ಟರ ಹತ್ತಿರ ಫೋಟೋ ತಗೊಂಡು ಹೋದೆ. ಅವರು ಹೇಳಿದ್ದು ಮೂರು ಮಾತು. ಮಸುಕಿನ ಬಗ್ಗೆ ತಲೆ ಕೆಡಿಸ್ಕೋಬೇಡಿ. ಒಂದು ವೇಳೆ ಪಾಸಿಟಿವ್ ಬಂದಿದ್ದರೂ ಅದೇ ಕೊನೆ ಅಲ್ಲ, ಮೂಗು ಕಟ್ಟಿದಾಗ ತಗೊಳ್ಳೋ ಸ್ಯೂಡೋಎಫೆಡ್ರಿನ್ ಇರೋ ಮಾತ್ರೆ, ಖಿನ್ನತೆಗೆ ಕೊಡೋ ಬುಪ್ರೋಪಿಯಾನ್, ಇಂಥವೂ ಆ ಪಟ್ಟಿಯನ್ನ ಏಮಾರಿಸಬಹುದು, ಲ್ಯಾಬಿನಲ್ಲಿ ಬೇರೆ ಪರೀಕ್ಷೆ ಮಾಡಿಸದೆ ಯಾರ ಮೇಲೂ ಗೂಬೆ ಕೂರಿಸಬಾರದು. ಮೂರನೇದು, ಏನೂ ಇಲ್ಲ ಅಂತ ಬಂದರೂ ನಿಶ್ಚಿಂತೆ ಬೇಡ, ಮೆಥ್ ಮೂತ್ರದಲ್ಲಿ ಸಿಗೋದು ಎರಡು ಮೂರು ದಿನ, ಹೆಚ್ಚೆಂದರೆ ನಾಲ್ಕು. ಹೋದ ವಾರದ ಕಥೆ ಇದಕ್ಕೆ ಗೊತ್ತಾಗಲ್ಲ.

ಅಂದರೆ ಇದೆ ಅಂದರೂ ನಂಬೋ ಹಾಗಿಲ್ಲ, ಇಲ್ಲ ಅಂದರೂ ನಂಬೋ ಹಾಗಿಲ್ಲ. ಏಳುನೂರು ರೂಪಾಯಿ.

ಮನೆಯಲ್ಲಿ ಆಮೇಲೆ ಒಂದು ವಾರ ಮಾತಿಲ್ಲ. ಮಗ ತಟ್ಟೆ ತಗೊಂಡು ರೂಮಿಗೆ ಹೋಗ್ತಿದ್ದ. ಎಂಟನೇ ದಿನ ನಾನೇ ಕೇಳಿದೆ, ಏನೋ, ಇನ್ನೂ ಕೋಪಾನಾ? "ಕೋಪ ಅಲ್ಲಮ್ಮ. ನಾಳೆ ನಿಜವಾಗ್ಲೂ ಏನಾದ್ರೂ ಎಡವಟ್ಟಾದ್ರೆ ನಿಮ್ಮಿಬ್ಬರಿಗಂತೂ ಫೋನ್ ಮಾಡಲ್ಲ, ಅಷ್ಟೇ." ಕಿಟ್ಟಿನ ಬೆಲೆ ಏಳುನೂರು ಅಂದೆನಲ್ಲ, ತಪ್ಪು. ಇದನ್ನೂ ಸೇರಿಸ್ಕೊಳ್ಳಿ.

ಆವತ್ತು ರಾತ್ರಿ ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿದೆ. 14416, ಇಪ್ಪತ್ನಾಲ್ಕು ಗಂಟೆಯೂ ಇರುತ್ತೆ, ದುಡ್ಡಿಲ್ಲ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, ನಮ್ಮ ನಿಮ್ಹಾನ್ಸ್‌ನವರೇ ಮುಂದೆ ನಿಂತು ನಡೆಸೋದು. (ವ್ಯಸನಕ್ಕೇ ಅಂತ ಇನ್ನೊಂದು ನಂಬರ್ ಇದೆ, 14446. ಒಂದೇ ಒಂದು ಅಂಕಿ ವ್ಯತ್ಯಾಸ, ಕೈ ನಡುಗುವಾಗ ನೋಡ್ಕೊಂಡು ಒತ್ತಿ.) ಕನ್ನಡ ಆರಿಸಿಕೊಂಡೆ, ಸ್ವಲ್ಪ ಕಾಯಬೇಕಾಯ್ತು, ಆಮೇಲೆ ಒಬ್ಬ ಹೆಣ್ಣುಮಗಳು ಸಿಕ್ಕಿದರು. ಉಪದೇಶ ಮಾಡಲಿಲ್ಲ. ಅವನ ಬಗ್ಗೆ ಕೇಳೋಕೆ ಮೊದಲು ನೀವು ಹೇಗಿದ್ದೀರಿ ಅಂತ ಕೇಳಿದರು, ನಾನು ಅತ್ತುಬಿಟ್ಟೆ. ಅವರು ಹೇಳಿದ್ದರಲ್ಲಿ ಒಂದನ್ನ ಮಾತ್ರ ಇಲ್ಲಿ ಬರೀತೀನಿ: ಎದುರುಬದುರು ಕೂರಿಸಿ ಕೇಳಬೇಡಿ, ಅದು ಪೊಲೀಸ್ ಸ್ಟೇಷನ್ ಥರ ಆಗುತ್ತೆ, ಇಬ್ಬರ ಕೈಯಲ್ಲೂ ಏನಾದರೂ ಕೆಲಸ ಇರಲಿ. ಈ ಸೇವೆಗೆ ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಅರ್ಧ ಕಾಯಿಸಿದ್ದಕ್ಕೆ ಕಡಿಮೆ.

ಅವರೆಕಾಯಿ ಸೀಸನ್. ಎರಡು ಕೆಜಿ ಸುಲಿದು ರಾತ್ರಿ ನೆನೆಹಾಕಿದ್ದೆ. ಭಾನುವಾರ ನೆಲದ ಮೇಲೆ ಪೇಪರ್ ಹಾಸಿ, ಪಾತ್ರೆ ಮಧ್ಯ ಇಟ್ಟು, ಹಿತುಕೋಕೆ ಬಾರೋ ಅಂದೆ. ಹಿತುಕಿದ ಬೇಳೆ ಸಾರು ಅಂದರೆ ಅವನಿಗೆ ಜೀವ, ಬಂದ. ಕಾಳನ್ನ ಹೆಬ್ಬೆರಳಲ್ಲಿ ಒತ್ತಿದರೆ ಬೇಳೆ ಪುಳಕ್ ಅಂತ ಹಾರುತ್ತಲ್ಲ, ಕಣ್ಣು ಅದರ ಮೇಲೇ ಇರಬೇಕು, ಮುಖ ನೋಡೋಕೆ ಆಗಲ್ಲ. ಮೊದಲು ಕ್ಷಮೆ ಕೇಳಿದೆ, ಆ ಸ್ಟ್ರಾಬೆರಿ ಮೆಸೇಜಿಗೂ ಸೇರಿಸಿ. ಆಮೇಲೆ ಸುಮ್ನೆ ಕೇಳಿದೆ, ನಿಮ್ಮ ಕಡೆ ಏನೇನು ಓಡುತ್ತೋ ಅಂತ.

ಅವನು ಹೇಳಿದ್ದು ಕೇಳಿ ನನ್ನ ಕೈ ನಿಂತಿತು. ಐಸ್ ಅಂತ ಮಾತಾಡೋರು ಇದ್ದಾರೆ, ಅವನು ನೋಡಿಲ್ಲ. ಆದರೆ ಹೈಸ್ಕೂಲಿನಲ್ಲಿ ಅವನ ಜೊತೆ ಓದಿದ ಒಬ್ಬ ಪಂಚರ್ ಸೊಲ್ಯೂಷನ್ ಕರ್ಚೀಫಿಗೆ ಹಾಕಿ ಮೂಸ್ತಿದ್ದನಂತೆ, ಇನ್ನೊಬ್ಬ ವೈಟ್ನರ್. ನನ್ನ ಆರು ಪಟ್ಟಿಯಲ್ಲಿ ಇವೆರಡಕ್ಕೂ ಪಟ್ಟಿಯೇ ಇಲ್ಲ! 2019ರಲ್ಲಿ ಬಂದ ಏಮ್ಸ್‌ನ ರಾಷ್ಟ್ರೀಯ ಸಮೀಕ್ಷೆ ತೆಗೆದು ನೋಡಿದರೆ, ಮೆಥ್ ಥರದ ಉತ್ತೇಜಕಗಳನ್ನ ಬಳಸೋರು ದೇಶದಲ್ಲಿ ಶೇ. 0.18. ಈ ಮೂಸೋ ವಸ್ತುಗಳನ್ನ ಬಳಸೋರು ದೊಡ್ಡವರಲ್ಲಿ ಶೇ. 0.58, ಮಕ್ಕಳಲ್ಲಿ ಶೇ. 1.17. ಶೇಕಡಾ ಲೆಕ್ಕದಲ್ಲಿ ದೊಡ್ಡವರಿಗಿಂತ ಮಕ್ಕಳೇ ಜಾಸ್ತಿ. ನಾನು ಅಂಡಮಾನ್ ಸಮುದ್ರದ ಕಡೆ ನೋಡ್ತಾ ಇದ್ದೆ, ವಿಷಯ ಸೈಕಲ್ ಶಾಪಿನಲ್ಲಿತ್ತು.

ಆಮೇಲೆ ಅವನೇ ಕೇಳಿದ. "ಐಸ್ ಒಂದೇ ಒಂದು ಸಲ ತಗೊಂಡ್ರೆ ಅಡಿಕ್ಟ್ ಆಗ್ತಾರಾ?" ಹೌದು ಅನ್ನೋಣ ಅಂತ ನಾಲಿಗೆ ತುದಿವರೆಗೂ ಬಂತು. ನುಂಗಿಕೊಂಡು ಇದ್ದಿದ್ದು ಇದ್ದ ಹಾಗೆ ಹೇಳಿದೆ: ಎಲ್ಲರೂ ಆಗಲ್ಲ ಕಣೋ. ಅದೇ ಅಪಾಯ, ಫ್ರೆಂಡ್ ಒಬ್ಬ ಮಾರನೇ ದಿನ ಆರಾಮಾಗಿ ಕ್ಲಾಸಿಗೆ ಬಂದ ಅಂದರೆ ಎಲ್ಲಾ ಸುಳ್ಳು ಅನ್ಸುತ್ತೆ. ಅದು ಮೆದುಳಿನಲ್ಲಿ ಡೋಪಮೈನ್ ಅನ್ನೋ ಖುಷಿಯ ರಾಸಾಯನಿಕವನ್ನ ಒಂದೇ ಸಲ ಸುರಿಸಿಬಿಡುತ್ತೆ, ಎಂಟು ಹತ್ತು ಗಂಟೆ ನಿದ್ದೆ ಹಸಿವು ಎರಡೂ ಇರಲ್ಲ, ಇಳಿದ ಮೇಲೆ ಊಟ, ಆಟ, ಫ್ರೆಂಡ್ಸ್ ಯಾವುದೂ ರುಚಿಸಲ್ಲ, ಅದನ್ನ ಸರಿ ಮಾಡ್ಕೊಳ್ಳೋಕೆ ಮತ್ತೆ ಅದೇ ಬೇಕು. ಜಾಸ್ತಿ ಆದರೆ ಇಲ್ಲದ ದನಿ ಕೇಳಿಸುತ್ತೆ, ಮನೆಯವರ ಮೇಲೇ ಅನುಮಾನ ಬರುತ್ತೆ. ಹೃದಯಕ್ಕೆ ಹೊಡೆದರೆ ಮೊದಲನೇ ಸಲ ಎರಡನೇ ಸಲ ಅಂತ ಲೆಕ್ಕ ಇಲ್ಲ. ಹೆರಾಯಿನ್‌ಗಾದರೆ ಚಟ ಬಿಡಿಸೋಕೆ ಮಾತ್ರೆ ಇವೆ, ಇದಕ್ಕೆ ಅಂತಲೇ ಒಪ್ಪಿಗೆ ಸಿಕ್ಕ ಮಾತ್ರೆ ಇನ್ನೂ ಇಲ್ಲ, ಕೌನ್ಸೆಲಿಂಗ್‌ನಲ್ಲೇ ಹೊರಗೆ ಬರಬೇಕು, ಬರೋರು ಇದ್ದಾರೆ.

"ಎಕ್ಸಾಮಿಗೆ ನಿದ್ದೆಗೆಡೋಕೆ ಅಂತ ತಗೊಳ್ತಾರಂತೆ" ಅಂದ. ಅವನಿಗೆ ಯುದ್ಧದ ಕಥೆ ಅಂದರೆ ಹುಚ್ಚು, ಅಲ್ಲಿಂದ ಅವನೇ ನನಗೆ ಪಾಠ ಮಾಡಿದ. 1938ರಲ್ಲಿ ಜರ್ಮನಿಯಲ್ಲಿ ಪರ್ವಿಟಿನ್ ಅಂತ ಮಾತ್ರೆ ಮಾರ್ತಿದ್ದರಂತೆ, ಅದು ಇದೇ ಮೆಥ್, ಸೈನಿಕರಿಗೆ ನಿದ್ದೆ ಬರದೆ ಇರಲಿ ಅಂತ ಲಕ್ಷಗಟ್ಟಲೆ ಹಂಚಿದರಂತೆ. ಇದು ನನಗೆ ಗೊತ್ತೇ ಇರಲಿಲ್ಲ. ಗೊತ್ತಿರಲಿಲ್ಲ ಅಂತ ಹೇಳಿದೆ, ಅವನಿಗೆ ಖುಷಿಯಾಯ್ತು.

ನಮ್ಮನೆಯವರು ಪೇಪರ್ ಓದ್ತಾ ಕೂತಿದ್ದವರು ನಡುವೆ ಬಾಯಿ ಹಾಕಿ, ಆ ಮೆಥ್ ತಗೊಂಡು ಹಲ್ಲು ಉದುರಿದವರ ಫೋಟೋ ತೋರಿಸೇ ಅಂದರು. ಬೇಡ ಅಂದೆ. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ 2005ರಿಂದ ಅಂಥದ್ದೇ ಭಯಾನಕ ಜಾಹೀರಾತು ಟಿವಿ, ರೇಡಿಯೋ ತುಂಬ ಹಾಕಿದ್ದರು. ಆಮೇಲೆ ಸಂಶೋಧಕರು ಲೆಕ್ಕ ಹಾಕಿ ನೋಡಿದರೆ, ಮಕ್ಕಳಲ್ಲಿ ಮೆಥ್ ಕಡಿಮೆ ಆಗಿದ್ದು ಅದರಿಂದಲೇ ಅಂತ ಹೇಳೋಕೆ ಆಗಲಿಲ್ಲ. ಅದೂ ಅಲ್ಲದೆ ನನ್ನ ಮಗನಿಗೆ ಆ ಫೋಟೋ ಸಿಕ್ಕಿದರೆ ಸ್ಟಿಕ್ಕರ್ ಮಾಡಿ ಫ್ರೆಂಡ್ಸ್‌ಗೆ ಕಳಿಸ್ತಾನೆ.

ಕಾಳು ಮುಗಿಯೋ ಹೊತ್ತಿಗೆ ಒಂದು ಒಪ್ಪಂದ ಆಯ್ತು. ಎಷ್ಟೇ ಹೊತ್ತಾಗಿರಲಿ, ಎಲ್ಲೇ ಇರಲಿ, ಅವನೇ ಏನಾದರೂ ತಗೊಂಡಿರಲಿ ಫ್ರೆಂಡ್ ತಗೊಂಡಿರಲಿ, ಫೋನ್ ಮಾಡಿದರೆ ಅಪ್ಪ ಸ್ಕೂಟರ್ ತಗೊಂಡು ಬರ್ತಾರೆ, ಬೆಳಿಗ್ಗೆ ತಿಂಡಿ ಆಗೋವರೆಗೂ ಒಂದು ಪ್ರಶ್ನೆ ಕೇಳಲ್ಲ. "ತಿಂಡಿ ಆದ್ಮೇಲೆ?" ಅಂದ. ಆದ್ಮೇಲೆ ಕೇಳ್ತೀವಿ, ಅದಕ್ಕೆ ರಿಯಾಯಿತಿ ಇಲ್ಲ ಅಂದೆ. ಪೊಲೀಸ್ ಭಯಕ್ಕೆ ಫ್ರೆಂಡನ್ನ ಬಿಟ್ಟು ಓಡಬೇಡ ಅಂತಲೂ ಹೇಳಿದೆ. ವ್ಯಸನಿ ತಾನಾಗಿ ಚಿಕಿತ್ಸೆಗೆ ಮುಂದೆ ಬಂದರೆ, ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಿಂದ ರಕ್ಷಣೆ ಕೊಡೋ 64ಎ ಅನ್ನೋ ಕಲಂ ಮಾದಕ ವಸ್ತುಗಳ ಮೇಲಿನ ಎನ್‌ಡಿಪಿಎಸ್ ಕಾಯ್ದೆಯಲ್ಲೇ ಇದೆ.

ರಾತ್ರಿ ಎರಡು ಗಂಟೆವರೆಗೆ ಎದ್ದಿರ್ತಿದ್ದುದು ಯಾಕೆ ಅಂತಲೂ ಹೇಳಿದ. ಫಿಸಿಕ್ಸ್ ಏನೂ ತಲೆಗೆ ಹತ್ತುತ್ತಾ ಇಲ್ಲ, ಪ್ರಿಪರೇಟರಿಯಲ್ಲಿ ಹದಿನೆಂಟು ಬಂದಿತ್ತು, ನಮಗೆ ತೋರಿಸಿರಲಿಲ್ಲ. ಅದಕ್ಕೆ ಯಾವ ಕಂಪನಿಯೂ ಪಟ್ಟಿ ಮಾಡಿಲ್ಲ.

ಇನ್ನು ಯಾರು ತಗೋಬಹುದು ಅಂತ ಕೇಳಿದರೆ: ಚಿಕಿತ್ಸೆ ನಡೀತಾ ಇದ್ದು, ಡಾಕ್ಟರೇ ಹೇಳಿ, ಮಕ್ಕಳೂ ಒಪ್ಪಿದ್ದರೆ ತಗೊಳ್ಳಿ, ಕೆಲಸಕ್ಕೆ ಬರಬಹುದು. ಓದುವಾಗ ಎರಡು ಗೆರೆ ಅಂದರೆ ಇಲ್ಲ ಅಂತ ನೆನಪಿಟ್ಕೊಳ್ಳಿ. ಬಳಸದ ಕಾರ್ಡ್ ವಾಪಸ್ ಕಳಿಸೋಣ ಅಂತ ನೋಡಿದೆ, ಈ ಥರದ ಐಟಂಗೆ ರಿಟರ್ನ್ ಇಲ್ಲವಂತೆ. ನಮ್ಮ ಫ್ರಿಜ್ ಮೇಲೆ ಥರ್ಮಾಮೀಟರ್ ಪಕ್ಕ ಬಿದ್ದಿದೆ, ಸೀಲ್ ಕೂಡ ಒಡೆದಿಲ್ಲ.